ಗುಗ್ಗುಲದ ಟೊಂಗೆ ನೆಟ್ಟರೆ ಸಾಲದೇ?

ಥಾರ್ ಮರುಭೂಮಿಯ ಗುಗ್ಗುಲವು ಟೊಂಗೆಯಿಂದಲೇ ಸುಲಭವಾಗಿ ಚಿಗುರುವುದಾದರೆ ಅದನ್ನು ಅಳಿವಿನಂಚಿನ ಸಸ್ಯವೆಂದು ಏಕೆ ಕರೆಯುತ್ತಾರೆ ಎಂದು ತಾವು ಕೇಳಿದ್ದೀರಿ. ಚಿಗುರುವುದು ನಿಜ, ಆದರೆ ರಾಜಸ್ಥಾನ ಮತ್ತು ಕಚ್ಛ್‌ನ ಕಲ್ಲುಗುಡ್ಡಗಳಲ್ಲಿ ಬಹಳ ನಿಧಾನವಾಗಿ ಬೆಳೆಯುವ ಈ ಮುಳ್ಳುಪೊದೆ, ಔಷಧಿಗೂ ಧೂಪಕ್ಕೂ ಬಳಸುವ ಅಂಟು ಕೊಡುವಷ್ಟು ಬಲಿಯಲು ಹಲವು ವರ್ಷಗಳೇ ಬೇಕು. ಕಾಗದದಂತೆ ಸುಲಿಯುವ ಅದರ ತೊಗಟೆಯನ್ನು ಅವಸರದಲ್ಲಿ ಆಳವಾಗಿ ಕೆತ್ತಿ, ಇಳುವರಿಯ ಆಸೆಗೆ ಎಥೆಫಾನ್ ರಾಸಾಯನಿಕವನ್ನು ಮಿತಿಮೀರಿ ಹಾಕಿದರೆ ಅಂಟೇನೋ ಧಾರಾಳವಾಗಿ ಒಸರುತ್ತದೆ, ಗಿಡ ಮಾತ್ರ ಒಣಗಿ ಸಾಯುತ್ತದೆ. ಅಳಿವಿನ ಅಪಾಯದಲ್ಲಿರುವ ಜೀವಿಗಳನ್ನು ಗುರುತಿಸುವ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಇದನ್ನು ತೀವ್ರ ಅಪಾಯದ ವರ್ಗಕ್ಕೆ ಸೇರಿಸಲಾಗಿದೆ.

ನನಗೆ ಹೆಚ್ಚು ಕಳವಳಕಾರಿ ಎನಿಸುವ ಸಂಗತಿ ಬೇರೆ. ಕಾಡಿನಲ್ಲಿ ಗಂಡು ಗಿಡಗಳು ಅಪರೂಪ. ಹೆಣ್ಣು ಗಿಡಗಳು ಪರಾಗಸ್ಪರ್ಶವಿಲ್ಲದೆಯೇ ಬೀಜ ಕಟ್ಟಬಲ್ಲವು ಎಂಬುದನ್ನು ಭ್ರೂಣವಿಜ್ಞಾನದ ಅಧ್ಯಯನಗಳು ತೋರಿಸಿವೆ. ಅಂದರೆ, ಬೀಜದಿಂದ ಹುಟ್ಟಿದ ಸಸಿಯೂ ಬಹುಪಾಲು ತಾಯಿಯ ಪಡಿಯಚ್ಚೇ. ಹೀಗಿರುವಾಗ ಒಂದೇ ನರ್ಸರಿಯ ನಾಲ್ಕಾರು ಗಿಡಗಳ ಟೊಂಗೆಗಳನ್ನು ಸಾವಿರಗಟ್ಟಲೆ ನೆಟ್ಟರೆ ಸಂಖ್ಯೆ ಏರುತ್ತದೆಯೇ ಹೊರತು ತಳಿವೈವಿಧ್ಯ ಉಳಿಯುವುದಿಲ್ಲ. ಬೇರೆಬೇರೆ ನೆಲೆಗಳಿಂದ, ಸಾಧ್ಯವಾದರೆ ಗಂಡು ಗಿಡಗಳಿಂದಲೂ ಟೊಂಗೆಗಳನ್ನು ತಂದು, ಮೂಲವನ್ನು ದಾಖಲಿಸಿ, ಅಂಟು ತೆಗೆಯದ ಪ್ರತ್ಯೇಕ ತಾಕಿನಲ್ಲಿ ಬೆಳೆಸಬೇಕಾಗುತ್ತದೆ.