ವಿಸಿಟ್ ವೀಸಾದಲ್ಲಿ ಹೋಗಿ ಅಲ್ಲೇ ಕೆಲಸಕ್ಕೆ ಸೇರಬಹುದೇ?

ಓದುಗರ ಪ್ರಶ್ನೆ: ವಿದೇಶದ ಕೆಲಸ

(ಈ ಅಂಕಣ ಬರೆಯುವವರು ಮುಂಬಯಿ ಫೋರ್ಟಿನ ರಿಕ್ರೂಟಿಂಗ್ ಆಫೀಸೊಂದರಲ್ಲಿ ದಾಖಲೆಪತ್ರಗಳ ವಿಭಾಗ ನೋಡಿಕೊಂಡಿದ್ದು ನಿವೃತ್ತರಾದವರು.)

ಪ್ರಶ್ನೆ: ಅಕ್ಕಾ, ನಾನು ಕುಂದಾಪುರ ಕಡೆಯವ. ಸಾಕಿನಾಕಾದ ಹೋಟೆಲಿನಲ್ಲಿ ದೋಸೆ ಕಾವಲಿ ಮುಂದೆ ನಿಂತು ವರ್ಷಗಳಾದವು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದೇನೆ. ದುಬೈಯಲ್ಲಿ ಒಂದು ಉಡುಪಿ ಹೋಟೆಲಿಗೆ ಅಡುಗೆಯವರು ಬೇಕಂತೆ. ಏಜೆಂಟ್ 1.20 ಲಕ್ಷ ಕೇಳುತ್ತಾನೆ. ಈಗ ವಿಸಿಟ್ ವೀಸಾದಲ್ಲಿ ಹೋಗು, ಒಂದು ತಿಂಗಳಲ್ಲಿ ಕೆಲಸದ ವೀಸಾ ಮಾಡಿಕೊಡುತ್ತಾರೆ ಅನ್ನುತ್ತಾನೆ. ಹೋಗಲಾ?
– ಓದುಗ, ಸಾಕಿನಾಕಾ

ಹೋಗಬೇಡ ತಮ್ಮಾ. ಹೋಟೆಲು ನಿಜವಾಗಿ ಇರಬಹುದು, ಕೆಲಸವೂ ಇರಬಹುದು. ಆದರೆ ಆ ದಾರಿ ಬೇಡ.

ಮೊದಲು ನಿನ್ನ ಪಾಸ್‌ಪೋರ್ಟ್ ತೆಗೆದು ನೋಡು. ಹತ್ತನೇ ಕ್ಲಾಸ್ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಸಾಮಾನ್ಯವಾಗಿ 'ಎಮಿಗ್ರೇಷನ್ ಚೆಕ್ ರಿಕ್ವೈರ್ಡ್' ಅಂತ ಇರುತ್ತದೆ. ಇಸಿಆರ್ ಅನ್ನುವುದು ಅದಕ್ಕೇ. ಇಸಿಆರ್ ಇದ್ದವರು ಯುಎಇ, ಸೌದಿ, ಕುವೈತ್, ಕತಾರ್, ಒಮಾನ್, ಮಲೇಷ್ಯಾ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್ ಎಂಬ ಕೇಂದ್ರ ಸರಕಾರಿ ಅಧಿಕಾರಿಗಳ ಕ್ಲಿಯರೆನ್ಸ್, ಅಂದರೆ ಅನುಮತಿ ಬೇಕು. ಇದು 1983ರ ಎಮಿಗ್ರೇಷನ್ ಕಾಯ್ದೆಯ ನಿಯಮ. ಮುಂಬಯಿಯಲ್ಲಿ ಅವರ ಆಫೀಸು ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನ ವಿದೇಶ ಭವನದಲ್ಲಿದೆ. ಅರ್ಜಿ ಹೋಗುವುದು ಸರಕಾರದ ಇ-ಮೈಗ್ರೇಟ್ ಪೋರ್ಟಲಿನ ಮೂಲಕ.

ಸುತ್ತಾಡಲು ಹೋಗುವವರಿಗೆ ಮಾತ್ರ 2007ರಿಂದ ಈ ಕ್ಲಿಯರೆನ್ಸ್ ಬೇಕಿಲ್ಲ. ಏಜೆಂಟರಿಗೆ ಬೇಕಾದ್ದು ಆ ಸಂದಿಯೇ. ಅದರಲ್ಲಿ ನುಸುಳಿಸಿಬಿಟ್ಟರೆ ಅವನ ಕೆಲಸ ಮುಗಿಯಿತು, ನಿನ್ನ ಕಷ್ಟ ಶುರುವಾಯಿತು. ಕ್ಲಿಯರೆನ್ಸ್ ಅಂದರೆ ಹುಡುಗರಿಗೆಲ್ಲ ಕಿರಿಕಿರಿ. ಆದರೆ ಸಂಬಳ ನಮೂದಿಸಿದ ಕರಾರು ನಿನ್ನ ಕೈಗೆ ಬರುವುದು ಅದರಿಂದ, ಪ್ರವಾಸಿ ಭಾರತೀಯ ಬಿಮಾ ಯೋಜನೆ ಎಂಬ ವಿಮೆ ಸಿಗುವುದೂ ಅದರಿಂದ. ಎರಡು ವರ್ಷಕ್ಕೆ 275 ರೂಪಾಯಿ ಪ್ರೀಮಿಯಂ, ಮೇಲೆ ತೆರಿಗೆ. ಅಪಘಾತದಲ್ಲಿ ಜೀವ ಹೋದರೆ ಮನೆಯವರಿಗೆ 10 ಲಕ್ಷ. ವಿಸಿಟ್‌ನಲ್ಲಿ ಹೋದವನಿಗೆ ಇದ್ಯಾವುದೂ ಇಲ್ಲ.

ಅಲ್ಲಿಯ ಕಾನೂನು ಇನ್ನೂ ಬಿಗಿ. ಪರ್ಮಿಟ್ ಇಲ್ಲದವರನ್ನು ಕೆಲಸಕ್ಕಿಟ್ಟುಕೊಂಡ ಮಾಲೀಕನಿಗೆ ಯುಎಇಯಲ್ಲಿ 2024ರಿಂದ ಒಂದು ಲಕ್ಷದಿಂದ ಹತ್ತು ಲಕ್ಷ ದಿರ್ಹಮ್ ವರೆಗೆ ದಂಡ. ಇಷ್ಟು ದಂಡದ ಹೆದರಿಕೆ ಇರುವವನು ತಪಾಸಣೆಯವರು ಬಂದ ದಿನ ನಿನ್ನನ್ನು ಹಿಂಬಾಗಿಲಿನಿಂದ ಓಡಿಸುತ್ತಾನೆ. ನೀನು ಸಂಬಳ ಕೇಳಿದ ದಿನವೂ ಅದೇ ಬಾಗಿಲು ತೋರಿಸುತ್ತಾನೆ. ವೀಸಾ ಅವಧಿ ಮೀರಿದರೆ ದಿನಕ್ಕೆ 50 ದಿರ್ಹಮ್ ದಂಡ ನಿನ್ನ ತಲೆಗೆ.

ನೇರ ದಾರಿ ಹೇಳುತ್ತೇನೆ. ಹೋಟೆಲಿನವರು ಅಲ್ಲಿಯ ಕಾರ್ಮಿಕ ಸಚಿವಾಲಯದ ನಮೂನೆಯಲ್ಲಿ ಆಫರ್ ಲೆಟರ್ ಕಳಿಸಬೇಕು. ಅದು ಅರಬ್ಬಿ, ಇಂಗ್ಲಿಷ್ ಜೊತೆಗೆ ಕೆಲಸಗಾರನ ಭಾಷೆಯಲ್ಲೂ ಸಿಗುತ್ತದೆ. ಆ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇಲ್ಲ, ಹಿಂದಿ ಇದೆ. ಮುಂಬಯಿಯಲ್ಲಿ ಇಷ್ಟು ವರ್ಷ ಕಳೆದವನಿಗೆ ಹಿಂದಿ ಸಾಕು, ಕೇಳಿ ತರಿಸಿಕೋ. ಓದುವಾಗ ಒಟ್ಟು ಸಂಬಳಕ್ಕಿಂತ ಮೊದಲು ಬೇಸಿಕ್ ಎಷ್ಟು ಅಂತ ನೋಡು. 1,800 ದಿರ್ಹಮ್ ಅಂತ ಬಾಯಲ್ಲಿ ಹೇಳಿ ಕಾಗದದಲ್ಲಿ ಬೇಸಿಕ್ 700 ಹಾಕಿ, ಉಳಿದದ್ದನ್ನು ಅಲೋಯನ್ಸ್ ಮಾಡುತ್ತಾರೆ. ಕೆಲಸ ಬಿಟ್ಟು ಬರುವಾಗ ಗ್ರಾಚ್ಯುಟಿ ಲೆಕ್ಕ ಹಾಕುವುದು ಬೇಸಿಕ್ ಮೇಲೆ. ಮೊದಲ ಐದು ವರ್ಷ, ವರ್ಷಕ್ಕೆ 21 ದಿನದ ಬೇಸಿಕ್. ಆಫರಿಗೆ ಸಹಿ ಹಾಕಿದ ಮೇಲೆ ಕೆಲಸದ ಎಂಟ್ರಿ ಪರ್ಮಿಟ್ ಬರುತ್ತದೆ, ಅದರ ಮೇಲೆ ಇಲ್ಲಿ ಕ್ಲಿಯರೆನ್ಸ್. ಮೆಡಿಕಲ್, ಎಮಿರೇಟ್ಸ್ ಐಡಿ ಎಲ್ಲ ಅಲ್ಲಿಗೆ ಹೋದ ಮೇಲೆ.

ಇನ್ನು ದುಡ್ಡಿನ ಮಾತು. ನೋಂದಾಯಿತ ಏಜೆಂಟ್ ನಿನ್ನಿಂದ ತೆಗೆದುಕೊಳ್ಳಬಹುದಾದ್ದು ಹೆಚ್ಚೆಂದರೆ 30,000 ರೂಪಾಯಿ, ಅದರ ಮೇಲೆ ಶೇ. 18 ಜಿಎಸ್‌ಟಿ. ಒಟ್ಟು 35,400, ಅದೂ ರಸೀದಿ ಕೊಟ್ಟು. ಯುಎಇ ಕಾನೂನಿನಲ್ಲಿ ನೇಮಕದ ಖರ್ಚು ಮಾಲೀಕನದ್ದು, ಕೆಲಸಗಾರನ ಮೇಲೆ ಹಾಕುವಂತೆಯೇ ಇಲ್ಲ. ಹಾಗಾದರೆ ಈ 1.20 ಲಕ್ಷ ಯಾವುದಕ್ಕೆ ಅಂತ ಅವನನ್ನೇ ಕೇಳು. ಅವನ ಲೈಸೆನ್ಸ್ ನಂಬರ್ ಕೇಳಿ ಇ-ಮೈಗ್ರೇಟ್‌ನಲ್ಲಿ ಹಾಕಿ ನೋಡು. 'ನಾನು ದೊಡ್ಡ ಏಜೆಂಟರ ಕೈಕೆಳಗಿನವ' ಅಂದರೆ ಅಲ್ಲೇ ಎದ್ದು ಬಾ. ಸಬ್ ಏಜೆಂಟ್ ಎಂಬ ವ್ಯವಸ್ಥೆಗೆ ನಮ್ಮ ಕಾನೂನಿನಲ್ಲಿ ಜಾಗವಿಲ್ಲ.

ಇನ್ನೊಂದು ವಿಷಯ, ನೀನು ಅಡುಗೆಯವನಾದ್ದರಿಂದ. ನನ್ನ ಟೇಬಲ್ಲಿಗೆ ಬೈಂದೂರಿನ ಒಬ್ಬ ಹುಡುಗ ಕುವೈತ್ ವೀಸಾದ ಪ್ರತಿ ಹಿಡಿದುಕೊಂಡು ಬಂದಿದ್ದ. ಬೇರೆ ಯಾರೋ ಕೊಡಿಸಿದ್ದು, ಒಮ್ಮೆ ನೋಡಿಕೊಡಿ ಅಂದ. ಹೋಟೆಲ್ ಕೆಲಸ ಅಂತ ಹೇಳಿದ್ದರು. ಸ್ಪಾನ್ಸರ್ ಇರುವ ಜಾಗದಲ್ಲಿ ಕಂಪೆನಿ ಹೆಸರಿರಲಿಲ್ಲ, ಯಾರೋ ಒಬ್ಬ ವ್ಯಕ್ತಿಯ ಹೆಸರಿತ್ತು. ಉದ್ಯೋಗದ ಸಾಲಿನಲ್ಲಿ ಮನೆ ಅಡುಗೆಯವ. ಅಂದರೆ ಆರ್ಟಿಕಲ್ 20, ಮನೆಕೆಲಸದ ವೀಸಾ. ಕಂಪೆನಿ ಕೆಲಸದ್ದು ಆರ್ಟಿಕಲ್ 18. ಇಪ್ಪತ್ತರಲ್ಲಿ ಹೋದವನು ಹೋಟೆಲಿನಲ್ಲಿ ದೋಸೆ ಹೊಯ್ದರೆ ಕಾನೂನಿನ ಪ್ರಕಾರ ಓಡಿಹೋದ ಆಳು. ಹುಡುಗನಿಗೆ ಟಿಕೆಟ್ ಕೂಡ ಬಂದಿತ್ತು, ತಾಯಿ ಬಂಗಾರ ಅಡವಿಟ್ಟಿದ್ದಳು. ಹೋಗಲಿಲ್ಲ. ಏಜೆಂಟನಿಂದ ಅರ್ಧ ದುಡ್ಡು ವಾಪಸ್ ತೆಗೆಸಲು ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತಬೇಕಾಯಿತು. ನಿನ್ನ ಕೈಗೆ ವೀಸಾ ಬಂದಾಗ ಈ ಎರಡು ಸಾಲನ್ನು ಯಾರಿಂದಲಾದರೂ ಓದಿಸು: ಸ್ಪಾನ್ಸರ್ ಯಾರು, ಉದ್ಯೋಗ ಏನು.

ಪ್ರಶ್ನೆ: ಇಂಗ್ಲೆಂಡಿನಲ್ಲಿ ವೃದ್ಧರನ್ನು ನೋಡಿಕೊಳ್ಳುವ ಕೆಲಸಕ್ಕೆ 'ಕೇರ್ ವೀಸಾ' ಕೊಡಿಸುತ್ತೇವೆ, 12 ಲಕ್ಷ ಕೊಡಿ, ಗಂಡ ಮಕ್ಕಳೂ ಬರಬಹುದು ಎನ್ನುತ್ತಿದ್ದಾರೆ. ಮನೆ ಮಾರುವ ಯೋಚನೆಯಲ್ಲಿದ್ದೇವೆ.
– ಓದುಗರು, ಭಾಂಡೂಪ್

ಮನೆ ಮಾರಬೇಡಿ. ಕೇರ್ ವರ್ಕರುಗಳು ಕುಟುಂಬ ಕರೆದೊಯ್ಯುವುದನ್ನು ಬ್ರಿಟನ್ 2024ರ ಮಾರ್ಚ್ 11ರಿಂದ ನಿಲ್ಲಿಸಿತು. 2025ರ ಜುಲೈ 22ರಿಂದ ಹೊರದೇಶದವರನ್ನು ಆ ಕೆಲಸಕ್ಕೆ ಹೊಸದಾಗಿ ಕರೆಸುವುದನ್ನೇ ನಿಲ್ಲಿಸಿದೆ. ನಿಮಗೆ ಮಾರುತ್ತಿರುವುದು ಇಲ್ಲದ ಸರಕು. ಮುಂದೆ ಬೇರೆ ಯಾವ ಬ್ರಿಟಿಷ್ ಕೆಲಸದ ಮಾತು ಬಂದರೂ, ಸ್ಪಾನ್ಸರ್ ಲೈಸೆನ್ಸ್ ಇರುವ ಸಂಸ್ಥೆಗಳ ಪಟ್ಟಿ ಅಲ್ಲಿಯ ಸರಕಾರದ ವೆಬ್‌ಸೈಟಿನಲ್ಲಿ ಎಲ್ಲರೂ ನೋಡುವಂತೆ ಇದೆ. ಹೆಸರು ಅದರಲ್ಲಿ ಇಲ್ಲದಿದ್ದರೆ ಮುಂದಿನ ಮಾತೇ ಬೇಡ.

ಪ್ರಶ್ನೆ: ಅಕ್ಕಾವ್ರೇ, ನಾನು ಬಾಗಲಕೋಟೆ ಕಡೆಯಾಕಿ. ಪಿಂಪ್ರಿಯ ಒಂದು ಆಸ್ಪತ್ರೆಯೊಳಗ ಐಸಿಯು ನರ್ಸ್. ಬಿಎಸ್‌ಸಿ ನರ್ಸಿಂಗ್ ಆಗಿ ನಾಲ್ಕು ವರ್ಷ ಆತು. ಜರ್ಮನಿಗೆ ಕಳಸ್ತೀವಿ ಅಂತ ಒಂದು ಏಜೆನ್ಸಿಯವ್ರು ಮೂರೂವರೆ ಲಕ್ಷ ಕೇಳ್ಯಾರ. ಒರಿಜಿನಲ್ ಸರ್ಟಿಫಿಕೇಟ್ ಅವರ ಹತ್ರ ಇಡಬೇಕಂತ. ಭಾಷಾ ಖರೇನ ಅಷ್ಟು ಕಷ್ಟ ಐತೇನು? ಮನ್ಯಾಗ ಗಲ್ಫ್ ಚಲೋ ಅಂತಾರ.
– ಓದುಗಳು, ಪಿಂಪ್ರಿ, ಪುಣೆ

ತಂಗೀ, ಸರ್ಟಿಫಿಕೇಟ್ ಯಾರ ಕೈಗೂ ಕೊಡಬೇಡ. ಪ್ರತಿ ಕೊಡು, ದೃಢೀಕರಿಸಿದ ಪ್ರತಿ ಕೊಡು, ಒರಿಜಿನಲ್ ನಿನ್ನ ಟ್ರಂಕಿನಲ್ಲಿರಲಿ. ಒರಿಜಿನಲ್ ಇಟ್ಟುಕೊಳ್ಳುವವರು ಅದನ್ನು ಇಟ್ಟುಕೊಳ್ಳುವುದು ನೀನು ಮನಸ್ಸು ಬದಲಾಯಿಸಿದ ದಿನಕ್ಕಾಗಿ.

ಭಾಷೆ ಕಷ್ಟವೇ. ಸುಳ್ಳು ಹೇಳಿ ನಿನ್ನನ್ನು ಹುರಿದುಂಬಿಸುವುದಿಲ್ಲ. ಎ1, ಎ2, ಬಿ1, ಬಿ2 ಎಂದು ಮೆಟ್ಟಿಲುಗಳು. ನರ್ಸ್ ಎಂದು ಪೂರ್ತಿ ಮಾನ್ಯತೆ ಸಿಗಲು ಸಾಮಾನ್ಯವಾಗಿ ಬಿ2 ಬೇಕು. ನೈಟ್ ಡ್ಯೂಟಿ ಮಾಡಿಕೊಂಡು ಕಲಿಯುವವಳಿಗೆ ವರ್ಷಕ್ಕಿಂತ ಹೆಚ್ಚೇ ಹಿಡಿಯುತ್ತದೆ. ಜರ್ಮನ್ ಕಲಿಸುವ ಮ್ಯಾಕ್ಸ್ ಮ್ಯುಲರ್ ಭವನ ಪುಣೆಯಲ್ಲೇ ಇರುವುದು ನಿನ್ನ ಪುಣ್ಯ. ಅವರ ಬಿ1, ಬಿ2 ಪರೀಕ್ಷೆಗಳಲ್ಲಿ ಓದು, ಕೇಳು, ಬರೆ, ಮಾತಾಡು ನಾಲ್ಕೂ ಬೇರೆ ಬೇರೆ. ಒಂದರಲ್ಲಿ ಬಿದ್ದರೆ ಅದೊಂದನ್ನೇ ಮತ್ತೆ ಬರೆಯಬಹುದು. ಶಿಫ್ಟಿನಲ್ಲಿರುವವರಿಗೆ ಇದು ದೊಡ್ಡ ಅನುಕೂಲ. 2024ರಿಂದ ಎ2 ಇದ್ದರೂ ವೀಸಾ ಸಿಗುವ ಒಂದು ದಾರಿ ತೆರೆದಿದೆ. ಏಜೆನ್ಸಿಯವರು ಅದನ್ನೇ ದೊಡ್ಡದು ಮಾಡಿ ಹೇಳುತ್ತಾರೆ. ಎ2 ಹಿಡಿದುಕೊಂಡು ಹೋದರೂ ಬಿ2 ಅಲ್ಲಿ ಮುಗಿಸಲೇಬೇಕು. ಕೊರೆವ ಚಳಿ, ಹೊಸ ಊರು, ದಿನವಿಡೀ ವಾರ್ಡಿನ ಕೆಲಸ, ಸಂಜೆ ವ್ಯಾಕರಣ! ಇಲ್ಲೇ ಬಿ1 ಆದರೂ ಮುಗಿಸಿ ಹೋಗು.

ಅಲ್ಲಿ ಇಳಿದ ಕೂಡಲೇ ನೀನು ನರ್ಸ್ ಅಲ್ಲ, ಇದನ್ನು ಮನೆಯವರಿಗೂ ತಿಳಿಸು. ನಿನ್ನ ಸಿಲಬಸ್ಸನ್ನು ಅಲ್ಲಿಯ ರಾಜ್ಯದ ಅಧಿಕಾರಿಗಳು ತಮ್ಮದರೊಂದಿಗೆ ತಾಳೆ ನೋಡಿ, ಎಲ್ಲಿ ಕಡಿಮೆ ಇದೆ ಅಂತ ಕಾಗದ ಕೊಡುತ್ತಾರೆ. ಆ ಕೊರತೆ ತುಂಬಲು ಒಂದು ತರಬೇತಿ ಅಥವಾ ಒಂದು ಪರೀಕ್ಷೆ. ಅಲ್ಲಿಯ ತನಕ ಸಹಾಯಕಿಯ ಹುದ್ದೆ, ಸಹಾಯಕಿಯ ಸಂಬಳ. ಐಸಿಯುನಲ್ಲಿ ವೆಂಟಿಲೇಟರ್ ನೋಡಿಕೊಂಡವಳಿಗೆ ರೋಗಿಗೆ ಸ್ನಾನ ಮಾಡಿಸು ಅಂದರೆ ಮೊದಮೊದಲು ಹೊಟ್ಟೆ ಉರಿಯುತ್ತದೆ. ಅಲ್ಲಿ ಅದು ನರ್ಸಿನದ್ದೇ ಕೆಲಸ, ಆಮೇಲೂ ಮಾಡಬೇಕು.

ಮೂರೂವರೆ ಲಕ್ಷದ ಬಗ್ಗೆ. ಜರ್ಮನಿಯಲ್ಲಿ ಹೊರದೇಶದ ನರ್ಸುಗಳ ನ್ಯಾಯಯುತ ನೇಮಕಾತಿಗೆಂದು ಸರಕಾರಿ ಮುದ್ರೆಯೊಂದಿದೆ. ಅದರ ಮೂಲ ನಿಯಮವೇ ಖರ್ಚು ಕೆಲಸ ಕೊಡುವವನದ್ದು ಅಂತ. ಕೇರಳದವರು ತಮ್ಮ ಸರಕಾರದ ನೋರ್ಕಾ ಸಂಸ್ಥೆಯ ಮೂಲಕ, ಜರ್ಮನ್ ಸರಕಾರಿ ಸಂಸ್ಥೆಗಳ ಜೊತೆ ಸೇರಿ ನಡೆಸುವ 'ಟ್ರಿಪಲ್ ವಿನ್' ಯೋಜನೆಯಲ್ಲಿ ನರ್ಸುಗಳಿಗೆ ಭಾಷಾ ತರಗತಿಯೂ ಉಚಿತ. ನಮ್ಮ ಪಕ್ಕದವರು ಪುಕ್ಕಟೆ ಹೋಗುವಾಗ ನೀನು ಯಾಕೆ ಲಕ್ಷ ಸುರಿಯಬೇಕು? ಖರ್ಚು ನಮ್ಮದೇ ಅನ್ನುವವರ ಕರಾರನ್ನೂ ಕೊನೆಯ ಪುಟದ ತನಕ ಓದು. ನಡುವೆ ಬಿಟ್ಟರೆ ಎಷ್ಟು ಸಾವಿರ ಯೂರೊ ತಿರುಗಿ ಕಟ್ಟಬೇಕು ಅನ್ನುವ ಸಾಲು ಅಲ್ಲಿರುತ್ತದೆ.

ಗಲ್ಫಿಗೆ ಹೋಗುವುದಾದರೂ ಕ್ಲಿಯರೆನ್ಸ್ ತಪ್ಪದು. 2015ರಿಂದ ನರ್ಸುಗಳಿಗೆ, ಪಾಸ್‌ಪೋರ್ಟ್ ಇಸಿಆರ್ ಅಲ್ಲದಿದ್ದರೂ, ಆ 18 ದೇಶಗಳಿಗೆ ಅದು ಕಡ್ಡಾಯ. ಗಲ್ಫಿನಲ್ಲಿ ದುಡ್ಡು ಬೇಗ ಕೈಗೆ ಸಿಗುತ್ತದೆ, ಆದಾಯ ತೆರಿಗೆ ಇಲ್ಲ, ಭಾಷೆಯ ಗೋಳಿಲ್ಲ. ಮನೆಯಲ್ಲಿ ಸಾಲ ತೀರಿಸುವುದಿದ್ದರೆ ಮನೆಯವರ ಮಾತು ಸರಿ. ಸಾಲವಿಲ್ಲದಿದ್ದರೆ, ನನ್ನ ಮಗಳಾಗಿದ್ದರೆ ಜರ್ಮನಿಗೇ ಕಳಿಸುತ್ತಿದ್ದೆ. ಮಾನ್ಯತೆ ಸಿಕ್ಕಿ ನುರಿತ ಕೆಲಸಗಾರಳಾಗಿ ಮೂರು ವರ್ಷ ದುಡಿದರೆ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು. ಗಲ್ಫಿನಲ್ಲಿ ಇಪ್ಪತ್ತು ವರ್ಷ ದುಡಿದ ನರ್ಸಿಗೂ ಸಾಮಾನ್ಯವಾಗಿ ಆ ಹಕ್ಕಿಲ್ಲ.

ಪ್ರಶ್ನೆ: ಅಮೆರಿಕದಲ್ಲಿ ಕೆಲಸ ಮಾಡಲು ಬೇಕಾದ ಎಚ್-1ಬಿ ವೀಸಾವನ್ನು ಟೆಲಿಗ್ರಾಂನಲ್ಲಿ 'ಖರೀದಿ' ಮಾಡಬಹುದೇ?
– ಓದುಗ, ಹಿಂಜೆವಾಡಿ, ಪುಣೆ

ಇಲ್ಲ. ಅರ್ಜಿ ಹಾಕುವುದು ಅಮೆರಿಕದ ಕಂಪೆನಿ, ನೀವಲ್ಲ. ವರ್ಷಕ್ಕೆ 85,000ದ ಮಿತಿ, ಅದಕ್ಕಿಂತ ಹೆಚ್ಚು ಜನ ಬಂದರೆ ಆಯ್ಕೆ ಪ್ರಕ್ರಿಯೆ. 2025ರ ಸೆಪ್ಟೆಂಬರ್ 21ರಿಂದ ಹೊರಗಿನಿಂದ ಹೊಸಬರನ್ನು ಕರೆಸುವ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಬೇರೆ ಹೇರಿದ್ದಾರೆ. ಅಷ್ಟು ಕೊಡುವ ಕಂಪೆನಿ ನಿಮ್ಮನ್ನು ಹುಡುಕಿಕೊಂಡು ಟೆಲಿಗ್ರಾಂಗೆ ಬರುವುದಿಲ್ಲ.

ಪ್ರಶ್ನೆ: ನಮಸ್ಕಾರ ಮೇಡಂ. ನಾವು ಹಾವೇರಿ ಕಡೆಯವರು, ನನ್ನ ತಂದೆ ಕಾಲದಿಂದ ವಾಸ್ಕೋದಲ್ಲಿದ್ದೇವೆ. ಮಗ ಹೋಟೆಲ್ ಮ್ಯಾನೇಜ್‌ಮೆಂಟ್ ಮುಗಿಸಿದ್ದಾನೆ. ಕ್ರೂಸ್ ಹಡಗಿನಲ್ಲಿ ಹೌಸ್‌ಕೀಪಿಂಗ್ ಕೆಲಸಕ್ಕೆ ಮಡಗಾಂವಿನ ಏಜೆಂಟ್ 2.5 ಲಕ್ಷ ಕೇಳಿದ್ದಾರೆ. ಇಲ್ಲಿಯ ಹುಡುಗರು ಪೋರ್ಚುಗೀಸ್ ಪಾಸ್‌ಪೋರ್ಟ್ ಮಾಡಿಸಿ ಲಂಡನ್ನಿಗೆ ಹೋಗುತ್ತಾರೆ. ನಮಗೂ ಆಗುತ್ತದೆಯೇ?
– ಓದುಗರು, ವಾಸ್ಕೋ, ಗೋವಾ

ಪೋರ್ಚುಗೀಸ್ ಮಾತು ಬಿಡಿ ಯಜಮಾನರೇ. 1961ರ ಡಿಸೆಂಬರ್ 19ಕ್ಕಿಂತ ಮೊದಲು, ಪೋರ್ಚುಗೀಸ್ ಆಳ್ವಿಕೆಯ ಗೋವಾದಲ್ಲಿ ಹುಟ್ಟಿದವರಿಗೆ ಮತ್ತು ಅವರ ವಂಶದವರಿಗೆ ಇರುವ ದಾರಿ ಅದು. ನಿಮ್ಮ ತಂದೆ ಹುಟ್ಟಿದ್ದು ಹಾವೇರಿಯಲ್ಲಾದರೆ ಮುಗಿಯಿತು. ಆ ಪಾಸ್‌ಪೋರ್ಟ್ ಹಿಡಿದರೆ ಭಾರತದ ಪೌರತ್ವವೂ ಹೋಗುತ್ತದೆ. 2021ರಿಂದ ಪೋರ್ಚುಗೀಸರಿಗೂ ಬ್ರಿಟನ್ನಿನಲ್ಲಿ ಹೊಸದಾಗಿ ಕೆಲಸ ಮಾಡಲು ವೀಸಾ ಬೇಕು.

ಹಡಗಿನ ಕೆಲಸ ಒಳ್ಳೆಯದೇ, ಆದರೆ ಅದು ಇ-ಮೈಗ್ರೇಟ್ ಲೆಕ್ಕಕ್ಕೆ ಬರುವುದಿಲ್ಲ. ನಾವಿಕರನ್ನು ಕಳಿಸುವವರಿಗೆ ಡೈರೆಕ್ಟರೇಟ್ ಜನರಲ್ ಆಫ್ ಶಿಪ್ಪಿಂಗ್ ಕೊಡುವ ಆರ್‌ಪಿಎಸ್‌ಎಲ್ ಎಂಬ ಲೈಸೆನ್ಸ್ ಇರಬೇಕು. ಪಟ್ಟಿ ಅವರ ವೆಬ್‌ಸೈಟಿನಲ್ಲಿದೆ. ಅಂತರರಾಷ್ಟ್ರೀಯ ನಾವಿಕ ಕಾರ್ಮಿಕ ಒಪ್ಪಂದಕ್ಕೆ ಭಾರತ 2015ರಲ್ಲಿ ಸೇರಿದೆ. ಅದರ ಪ್ರಕಾರ ಕೆಲಸ ಕೊಡಿಸಿದ್ದಕ್ಕೆ ನಾವಿಕನಿಂದ ಶುಲ್ಕ ಪಡೆಯುವಂತಿಲ್ಲ. ಪಾಸ್‌ಪೋರ್ಟ್, ಸಿಡಿಸಿ ಎಂಬ ನಾವಿಕರ ಗುರುತಿನ ಪುಸ್ತಕ, ಮೆಡಿಕಲ್ ಸರ್ಟಿಫಿಕೇಟ್ ನಿಮ್ಮ ಖರ್ಚು. ಬೆಂಕಿ ಆರಿಸುವುದು, ನೀರಿನಲ್ಲಿ ಜೀವ ಉಳಿಸಿಕೊಳ್ಳುವುದು, ಪ್ರಥಮ ಚಿಕಿತ್ಸೆ ಇತ್ಯಾದಿ ಎಸ್‌ಟಿಸಿಡಬ್ಲ್ಯು ಕೋರ್ಸುಗಳಿಗೂ ನೀವೇ ಕಟ್ಟಬೇಕಾಗುತ್ತದೆ. ಕೋರ್ಸಿನ ಶುಲ್ಕ ನೇರವಾಗಿ ಮಾನ್ಯತೆ ಪಡೆದ ಸಂಸ್ಥೆಗೆ ಕಟ್ಟಿ, ಏಜೆಂಟರ ಕೈಗಲ್ಲ. ಹಡಗು ಅಮೆರಿಕದ ಬಂದರಿಗೆ ಹೋಗುವುದಾದರೆ ಹಡಗಿನ ಸಿಬ್ಬಂದಿಗೆ ಕೊಡುವ ಸಿ1/ಡಿ ವೀಸಾ ಬೇಕು. ಅದರ ಸಂದರ್ಶನಕ್ಕೆ ಮಗ ಕಂಪೆನಿ ಪತ್ರ ಹಿಡಿದು ಮುಂಬಯಿ ಕಾನ್ಸುಲೇಟಿಗೆ ಬರಬೇಕಾಗುತ್ತದೆ. ಏನು ಕೆಲಸ, ಎಷ್ಟು ತಿಂಗಳು, ಯಾವ ಹಡಗು ಅಂತ ಕೇಳುತ್ತಾರೆ. ಹಡಗಿನ ಹೆಸರೇ ಗೊತ್ತಿಲ್ಲದೆ ಬಂದು ನಿಂತ ಹುಡುಗರನ್ನು ನಾನು ನೋಡಿದ್ದೇನೆ.

ಪ್ರಶ್ನೆ: ತಮ್ಮನಿಗೆ ಬ್ಯಾಂಕಾಕಿನಲ್ಲಿ ಡೇಟಾ ಎಂಟ್ರಿ ಕೆಲಸ ಸಿಕ್ಕಿದೆ. ತಿಂಗಳಿಗೆ ಒಂದು ಲಕ್ಷ. ಸಂದರ್ಶನ ಫೋನಿನಲ್ಲೇ ಆಯಿತು, ಟಿಕೆಟ್ ಅವರೇ ಕಳಿಸಿದ್ದಾರೆ. ಥಾಯ್ಲೆಂಡಿಗೆ ವೀಸಾ ಬೇಡ ಅಂದರು. ನಾಡಿದ್ದು ಹೊರಡುತ್ತಾನೆ.
– ಓದುಗಳು, ಡೊಂಬಿವಲಿ

ಈ ಉತ್ತರವನ್ನು ಫೋನ್ ಮಾಡಿ ಆಗಲೇ ಹೇಳಿದ್ದೇನೆ, ಉಳಿದವರಿಗಾಗಿ ಇಲ್ಲಿ. ವೀಸಾ ಇಲ್ಲದೆ ಬಿಡುವುದು ಪ್ರವಾಸಿಗರನ್ನು. ಕೆಲಸಕ್ಕೆ ವೀಸಾ, ವರ್ಕ್ ಪರ್ಮಿಟ್ ಎರಡೂ ಬೇಕು. ಬ್ಯಾಂಕಾಕಿನಲ್ಲಿ ಇಳಿಸಿ, ಅಲ್ಲಿಂದ ಗಡಿ ದಾಟಿಸಿ ಮ್ಯಾನ್ಮಾರಿನ ಮ್ಯಾವಡಿ ಕಡೆಯ ಸೈಬರ್ ವಂಚನೆ ಕೇಂದ್ರಗಳಲ್ಲಿ ಕೂಡಿಹಾಕಿದ ಪ್ರಕರಣಗಳ ಬಗ್ಗೆ ನಮ್ಮ ವಿದೇಶಾಂಗ ಸಚಿವಾಲಯ ಮತ್ತೆ ಮತ್ತೆ ಎಚ್ಚರಿಸಿದೆ. ರಷ್ಯಾದಲ್ಲಿ ಸೆಕ್ಯುರಿಟಿ ಕೆಲಸ ಅಂತ ಹೋದ ಕಲಬುರಗಿ ಕಡೆಯ ಯುವಕರು ಯುದ್ಧಭೂಮಿಯಲ್ಲಿ ಸಿಕ್ಕಿಬಿದ್ದು 2024ರಲ್ಲಿ ಹಿಂದಿರುಗಿದ್ದನ್ನು ಎಲ್ಲರೂ ಓದಿದ್ದೀರಿ. ಯಾರ ಮನೆಯವರಾದರೂ ಈಗಾಗಲೇ ಅಂಥ ಕಡೆ ಇದ್ದರೆ ಏಜೆಂಟನೊಂದಿಗೆ ಜಗಳಕ್ಕೆ ಇಳಿಯಬೇಡಿ, ಅವನು ಅಲ್ಲಿಗೆ ಸುದ್ದಿ ಮುಟ್ಟಿಸುತ್ತಾನೆ. ಆ ದೇಶದ ಭಾರತೀಯ ರಾಯಭಾರ ಕಚೇರಿಗೆ ಬರೆದು, ಸಚಿವಾಲಯದ 'ಮದದ್' ಪೋರ್ಟಲಿನಲ್ಲಿ ದೂರು ದಾಖಲಿಸಿ. ಪಾಸ್‌ಪೋರ್ಟ್ ಪ್ರತಿ, ಟಿಕೆಟ್, ಕೊನೆಯ ಸಲ ಕಳಿಸಿದ ಲೊಕೇಶನ್, ಏಜೆಂಟನ ಚಾಟ್ ಎಲ್ಲ ಜೊತೆಗಿರಲಿ. ಚಾಟ್ ಅಳಿಸುವ ಮೊದಲು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.