ಅಣ್ಣನ ಕಾಯಿಲೆ ತಂಗಿಗೂ ಬಂದೀತೇ?

ಪ್ರಶ್ನೆ: ಮಗನಿಗೆ 19ನೇ ವಯಸ್ಸಿನಲ್ಲಿ ಒಮ್ಮೆಲೇ ನಿದ್ದೆ ಹಾರಿಹೋಯಿತು, ನಡುರಾತ್ರಿ ಎದ್ದು ಕಬ್ಬಿನ ಹೊಲದ ಪಂಪ್ ಚಾಲೂ ಮಾಡುವುದು, ಕಂಡವರಿಗೆ ದುಡ್ಡು ಹಂಚುವುದು ಶುರುವಾಯಿತು. ಬೈಪೋಲಾರ್ ಕಾಯಿಲೆ ಎಂದರು; ಔಷಧದಿಂದ ಈಗ ಚೆನ್ನಾಗಿದ್ದಾನೆ. ಆದರೆ 16ರ ಮಗಳು ಎರಡು ತಿಂಗಳಿಂದ ಮಂಕಾಗಿದ್ದಾಳೆ. ಕಟ್ಟಿಕೊಟ್ಟ ರೊಟ್ಟಿ ಬುತ್ತಿ ಬಿಚ್ಚದೆಯೇ ಮರಳಿ ಬರುತ್ತದೆ. ಅಣ್ಣನ ಲಕ್ಷಣ ಒಂದೂ ಇಲ್ಲ. ಈ ವಯಸ್ಸಿನ ಹುಡುಗಿಯರು ಹೀಗೆಯೇ ಎನ್ನುತ್ತಾರೆ. ನಿಜವೇ?
– ಒಬ್ಬ ತಾಯಿ, ಜಮಖಂಡಿ ತಾಲ್ಲೂಕು

ಉತ್ತರ: ಅಣ್ಣನ ಲಕ್ಷಣಗಳಿಲ್ಲ ಎಂಬುದನ್ನೇ ನೀವು ಸಮಾಧಾನವಾಗಿ ಹಿಡಿದುಕೊಂಡಂತಿದೆ, ಅಷ್ಟಕ್ಕೇ ನಿಶ್ಚಿಂತರಾಗುವಂತಿಲ್ಲ.

ಮೈನೆರೆಯುವ ಮೊದಲು ಖಿನ್ನತೆ ಹುಡುಗ ಹುಡುಗಿಯರಲ್ಲಿ ಹೆಚ್ಚುಕಡಿಮೆ ಸಮವಾಗಿರುತ್ತದೆ. 12–13ರ ನಂತರ ಹುಡುಗಿಯರ ಪಾಲು ಏರತೊಡಗಿ, ಹದಿಹರೆಯ ಮುಗಿಯುವುದರೊಳಗೆ ಹುಡುಗರಿಗಿಂತ ಸುಮಾರು ಇಮ್ಮಡಿಯಾಗುತ್ತದೆ. ಹಾರ್ಮೋನುಗಳ ಏರುಪೇರು ಇದಕ್ಕೆ ಒಂದು ಕಾರಣವೇ ಹೊರತು ಪೂರ್ತಿ ಕಾರಣವಲ್ಲ. ಓಡಾಟಕ್ಕೆ ಬೀಳುವ ಕಟ್ಟುಪಾಡು, ಮನೆಯಲ್ಲಿ ಏಳುವ ಮದುವೆಯ ಮಾತು ಇವೂ ಮನಸ್ಸನ್ನು ಕುಗ್ಗಿಸುತ್ತವೆ. ನಿಮಗೆ ಹಾಗೆ ಹೇಳಿದವರು ವಯಸ್ಸನ್ನು ಸರಿಯಾಗಿಯೇ ಗುರುತಿಸಿದ್ದಾರೆ, ಅದರ ಅರ್ಥವನ್ನು ಮಾತ್ರ ತಪ್ಪಾಗಿ ಮಾಡಿದ್ದಾರೆ.

ಒಮ್ಮೆ ಮಿತಿಮೀರಿದ ಹುರುಪು (ಉನ್ಮಾದ), ಒಮ್ಮೆ ಖಿನ್ನತೆ ಎಂದು ಮನಸ್ಸು ಹೊಯ್ದಾಡುವ ಬೈಪೋಲಾರ್ ಕಾಯಿಲೆಯ ಲೆಕ್ಕ ಬೇರೆ. ಅದು ಗಂಡು ಹೆಣ್ಣಿಗೆ ಬಹುಮಟ್ಟಿಗೆ ಸಮವಾಗಿ ಬರುತ್ತದೆಯಾದರೂ ಬರುವ ದಾರಿ ಒಂದೇ ಅಲ್ಲ: ಗಂಡುಮಕ್ಕಳಲ್ಲಿ ಎಷ್ಟೋ ಸಲ ನಿಮ್ಮ ಮಗನಲ್ಲಿ ಬಂದಂತೆ ಉನ್ಮಾದವಾಗಿಯೇ ಬಂದು ಊರಿಗೆಲ್ಲ ತಿಳಿದರೆ, ಹೆಣ್ಣುಮಕ್ಕಳಲ್ಲಿ ಮೊದಲು ಬರಿಯ ಖಿನ್ನತೆಯಾಗಿ ಕಾಣಿಸಿಕೊಂಡು, ಉನ್ಮಾದ ವರ್ಷಗಳ ಮೇಲೆ, ಕೆಲವರಲ್ಲಿ ಬಾಣಂತನದಲ್ಲಿ, ಹೊರಬೀಳುವುದುಂಟು.

ಗಾಬರಿ ಬೇಡ. ರೋಗಿಯ ಒಡಹುಟ್ಟಿದವರಲ್ಲಿ ಈ ಕಾಯಿಲೆ ನೂರಕ್ಕೆ 5ರಿಂದ 10 ಮಂದಿಗೆ ಬರಬಹುದು, ಬಾರದವರೇ ಬಹಳ. ಮಗಳದು ಬರಿಯ ಖಿನ್ನತೆಯಿರಬಹುದು; ರಕ್ತಹೀನತೆ, ಥೈರಾಯ್ಡ್ ಕೊರತೆಯೂ ಹೀಗೆಯೇ ಮಂಕು ಮಾಡುತ್ತವೆ. ಬಾಗಲಕೋಟೆಯ ಜಿಲ್ಲಾ ಆಸ್ಪತ್ರೆಯಲ್ಲೋ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲೋ ಮನೋವೈದ್ಯರಿಗೆ ತೋರಿಸಿರಿ. ಹೋಗುವಾಗ ಮಗನ ಔಷಧ ಚೀಟಿಯನ್ನೂ ಒಯ್ಯಿರಿ. ಬೀಗರಿಗೆ ತಿಳಿದೀತೆಂದು ಅಣ್ಣನ ಸುದ್ದಿಯನ್ನು ವೈದ್ಯರಿಂದಲೂ ಮುಚ್ಚಿಡುವ ಮನೆಗಳಿವೆ. ಬೈಪೋಲಾರ್ ಇರುವವರಿಗೆ ಖಿನ್ನತೆಯ ಗುಳಿಗೆಯನ್ನಷ್ಟೇ ಕೊಟ್ಟರೆ ಉನ್ಮಾದ ಕೆರಳುವ ಅಪಾಯವಿರುವುದರಿಂದ, ಆ ಒಂದು ಮಾತು ಚಿಕಿತ್ಸೆಯನ್ನೇ ಬದಲಿಸೀತು. ಅಣ್ಣನ ಗುಳಿಗೆಯನ್ನು ತಂಗಿಗೆ ಕೊಡಲೇಬೇಡಿರಿ.

ಸಾಯುವ ಮಾತೇನಾದರೂ ಬಂದರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು. ಹೊಲಕ್ಕೆ ತಂದ ಕೀಟನಾಶಕದ ಡಬ್ಬಿಗಳನ್ನು ಇವತ್ತೇ ಬೀಗದಲ್ಲಿಡಿರಿ.