ಬಜೆಟ್ 45 ಸಾವಿರ: ಈಗ ಎಎಂ5 ಮದರ್‌ಬೋರ್ಡಿಗೆ ಅಗ್ಗದ ಪ್ರೊಸೆಸರ್ ಹಾಕಿಸಿ, ಎರಡು ವರ್ಷದ ನಂತರ ಅಪ್‌ಗ್ರೇಡ್ ಮಾಡುವುದು ಸರಿಯೇ?

ಎಎಂಡಿ ಕಂಪನಿಯ ಎಎಂ5 ಸಾಕೆಟ್ (ಪ್ರೊಸೆಸರ್ ಕೂರುವ ಜಾಗ) ಇರುವ ಬಿ650 ಮದರ್‌ಬೋರ್ಡ್, ಅದರ ಮೇಲೆ ರೈಜನ್ 5 8500ಜಿ ಪ್ರೊಸೆಸರ್, 8 ಜಿಬಿಯ ಒಂದೇ ಒಂದು ರ‍್ಯಾಮ್, ‘ಸದ್ಯಕ್ಕೆ ಮನೆಯಲ್ಲಿರುವ ಹಳೆಯ ಹಾರ್ಡ್ ಡಿಸ್ಕೇ ಸಾಕು’ ಎಂಬ ಟಿಪ್ಪಣಿ. ಹೊಸ ಕಂಪ್ಯೂಟರ್ ಜೋಡಿಸಲು ನೀವು ಬರೆದು ಕಳಿಸಿರುವ ಈ ಪಟ್ಟಿಯನ್ನು ಓದಿದಾಗ ನನ್ನದೇ ಹಳೆಯ ಪಟ್ಟಿಯನ್ನು ಓದಿದಂತಾಯಿತು. ಮಾದರಿಗಳ ಹೆಸರು ಬೇರೆ, ಲೆಕ್ಕಾಚಾರ ಅದೇ. ಆದ್ದರಿಂದ ಎಎಂ5 ಒಳ್ಳೆಯದೋ ಅಲ್ಲವೋ ಎಂಬ ಚರ್ಚೆಯನ್ನು ಆಮೇಲೆ ನೋಡೋಣ, ಮೊದಲು ನನ್ನ ಕಥೆ.

2017ರ ಜೂನ್‌ನಲ್ಲಿ ನಾನು ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೆ. ಜುಲೈ 1ರಿಂದ ಜಿಎಸ್‌ಟಿ ಜಾರಿಯಾಗುತ್ತದೆ, ಬೆಲೆ ಏರುತ್ತದೆ, ತೆಗೆದುಕೊಳ್ಳುವುದಿದ್ದರೆ ಈ ತಿಂಗಳೇ ತೆಗೆದುಕೊಳ್ಳಿ ಎಂದು ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲೆಲ್ಲ ಹೇಳುತ್ತಿದ್ದ ಸಮಯ ಅದು. ಆ ಅವಸರದಲ್ಲಿ ನಾನು ಇಂಟೆಲ್ ಪೆಂಟಿಯಂ ಜಿ4560 ಪ್ರೊಸೆಸರ್ ಕೊಂಡೆ. ಎರಡು ಕೋರ್, ನಾಲ್ಕು ಥ್ರೆಡ್, 3.5 ಗಿಗಾಹರ್ಟ್ಜ್, ಆ ಬೆಲೆಗೆ ಆ ವರ್ಷ ಅದಕ್ಕಿಂತ ಉತ್ತಮವಾದದ್ದು ಇರಲಿಲ್ಲವೆಂದೇ ಹೇಳಬೇಕು. ಅದಕ್ಕೆ ಎಚ್110 ಚಿಪ್‌ಸೆಟ್‌ನ (ಬೋರ್ಡಿನ ಬಿಡಿಭಾಗಗಳ ಸಂಪರ್ಕ ನಿಯಂತ್ರಿಸುವ ಚಿಪ್) ಸಾದಾ ಮದರ್‌ಬೋರ್ಡ್ ಧಾರಾಳವಾಗಿ ಸಾಕಾಗುತ್ತಿತ್ತು. ಆದರೆ ಮುಂದೆ ಕ್ವಾಡ್-ಕೋರ್ ಪ್ರೊಸೆಸರ್ ಹಾಕುವವನಲ್ಲವೇ ನಾನು! ನಾಲ್ಕು ರ‍್ಯಾಮ್ ಸ್ಲಾಟ್‌ಗಳಿರುವ ಬಿ250 ಬೋರ್ಡನ್ನು ಆರಿಸಿದೆ. ಮುಂದೆ ಬರಲಿರುವ ಗ್ರಾಫಿಕ್ಸ್ ಕಾರ್ಡಿಗೆಂದು 650 ವ್ಯಾಟ್‌ನ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ವಿದ್ಯುತ್ ಪೂರೈಸುವ ಪೆಟ್ಟಿಗೆ) ತೆಗೆದುಕೊಂಡೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ. ಕುಲಾವಿಗೆ ಹೋದ ಆ ಹಣದಲ್ಲಿ ಹಾರ್ಡ್ ಡಿಸ್ಕ್‌ಗಿಂತ ಬಹಳ ವೇಗದ ಒಂದು ಸಣ್ಣ ಎಸ್‌ಎಸ್‌ಡಿ ಬರುತ್ತಿತ್ತು. ಅದನ್ನು ಕೈಬಿಟ್ಟು ಹಾರ್ಡ್ ಡಿಸ್ಕ್ ಹಾಕಿಸಿದೆ.

ಪರಿಣಾಮವಾಗಿ, ಬೇಕಾಗಿದ್ದ ಕೆಲಸಕ್ಕೆ ಕಂಪ್ಯೂಟರ್ ಮೊದಲ ದಿನದಿಂದಲೇ ನಿಧಾನವಾಗಿತ್ತು. ಮೊಬೈಲ್ ಆ್ಯಪ್ ಬರೆಯುವ ಆಂಡ್ರಾಯ್ಡ್ ಸ್ಟುಡಿಯೋ ತೆರೆದರೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್‌ನ ಅಂಕಣ 100 ಪ್ರತಿಶತಕ್ಕೆ ಏರಿ ಅಲ್ಲಿಯೇ ನಿಂತುಬಿಡುತ್ತಿತ್ತು, ಆದರೆ ಪ್ರೊಸೆಸರ್ ಬಹುಪಾಲು ಸುಮ್ಮನೆ ಕುಳಿತಿರುತ್ತಿತ್ತು. ಅಡಚಣೆ ಎಲ್ಲಿದೆ ಎಂಬುದನ್ನು ಪರದೆಯೇ ತೋರಿಸುತ್ತಿದ್ದರೂ ನಾನು ಓದಿಕೊಂಡದ್ದು ಬೇರೆಯೇ: ‘ಪ್ರೊಸೆಸರ್ ಅಪ್‌ಗ್ರೇಡ್ ಮಾಡುವ ಕಾಲ ಬಂತು.’ ಆ ಯೋಜನೆ ಮೊದಲೇ ಸಿದ್ಧವಾಗಿದ್ದುದರಿಂದ ಬೇರೆ ಕಾರಣ ಹುಡುಕುವ ಗೋಜಿಗೇ ಹೋಗಲಿಲ್ಲ.

2017ರ ಅಕ್ಟೋಬರ್‌ನಲ್ಲಿ ಇಂಟೆಲ್‌ನ ಎಂಟನೇ ತಲೆಮಾರಿನ ಪ್ರೊಸೆಸರ್‌ಗಳು ಬಂದವು. ಅದುವರೆಗೆ ಎರಡೇ ಕೋರ್ ಇರುತ್ತಿದ್ದ ಐ3 ಸರಣಿಗೆ ನಾಲ್ಕು ಕೋರ್ ಕೊಟ್ಟಿದ್ದರು. ಐ3-8100 ಎಂಬುದು ಹಿಂದಿನ ತಲೆಮಾರಿನ ಐ5ಗೆ ಸರಿಸಾಟಿಯಾಗಿತ್ತು. ಅದರ ಸಾಕೆಟ್ ಎಲ್‌ಜಿಎ 1151, ನನ್ನ ಬೋರ್ಡಿನದೂ ಎಲ್‌ಜಿಎ 1151. ಸಂಕ್ರಾಂತಿ ಕಳೆದ ಮೇಲೆ ಒಂದಿಷ್ಟು ಹಣ ಕೂಡಿತು. ಅಂಗಡಿಯವರನ್ನು ಕೇಳಿದೆ, “ಸಾಕೆಟ್ ಒಂದೇ ಅಲ್ವಾ ಸರ್, ಕೂರುತ್ತೆ” ಎಂದರು. ಅವರು ಹೇಳಿದ್ದು ಅಕ್ಷರಶಃ ನಿಜವಾಯಿತು. ಪ್ರೊಸೆಸರ್ ಕುಳಿತುಕೊಂಡಿತು, ಅಂಚಿನ ಕಚ್ಚುಗಳು ಸರಿಯಾಗಿ ಹೊಂದಿಕೊಂಡವು, ಲಿವರ್ ಮುಚ್ಚಿತು, ಸ್ವಿಚ್ ಒತ್ತಿದಾಗ ಫ್ಯಾನ್ ಕೂಡ ತಿರುಗಿತು. ಮಾನಿಟರ್‌ನಲ್ಲಿ ಮಾತ್ರ ‘ನೋ ಸಿಗ್ನಲ್’.

ಇಲ್ಲಿ ಏನಾಯಿತು ಎಂಬುದನ್ನು ಸ್ವಲ್ಪ ಉದ್ದವಾಗಿಯೇ ವಿವರಿಸುತ್ತೇನೆ, ಏಕೆಂದರೆ ನಿಮ್ಮ ಯೋಜನೆ ಪೂರ್ತಿ ನಿಂತಿರುವುದು ಇಂಥದೇ ಒಂದು ಹೆಸರಿನ ಮೇಲೆ. ಸಾಕೆಟ್ಟಿನ ಹೆಸರಿನಲ್ಲಿರುವ 1151 ಎಂಬುದು ಸಂಪರ್ಕ ಬಿಂದುಗಳ ಸಂಖ್ಯೆ ಮಾತ್ರ. ಯಾವ ಬಿಂದು ಯಾವ ಕೆಲಸಕ್ಕೆ ಎಂಬುದನ್ನು ಆ ಸಂಖ್ಯೆ ಹೇಳುವುದಿಲ್ಲ. ಎಂಟನೇ ತಲೆಮಾರಿನಲ್ಲಿ ಆರು ಕೋರ್‌ಗಳ ಪ್ರೊಸೆಸರ್‌ಗಳೂ ಇದ್ದುದರಿಂದ, ಅದುವರೆಗೆ ಖಾಲಿ ಕಾಯ್ದಿರಿಸಿದ್ದ ಕೆಲವು ಬಿಂದುಗಳನ್ನು ವಿದ್ಯುತ್ ಪೂರೈಕೆಗೆ ಬಳಸಿಕೊಳ್ಳಲಾಯಿತು, ಮತ್ತು ಇಂಟೆಲ್ 300 ಸರಣಿಯ ಚಿಪ್‌ಸೆಟ್‌ಗಳಿಗೆ ಮಾತ್ರ ಬೆಂಬಲವನ್ನು ಸೀಮಿತಗೊಳಿಸಿತು. ಅಂದರೆ ಪ್ರೊಸೆಸರ್ ಒಂದು ಬೋರ್ಡಿನಲ್ಲಿ ನಡೆಯಬೇಕಾದರೆ ಸಾಕೆಟ್ಟಿನ ಆಕಾರ ಹೊಂದಬೇಕು, ಬಿಂದುಗಳ ಹಂಚಿಕೆ ಹೊಂದಬೇಕು, ಚಿಪ್‌ಸೆಟ್ಟಿಗೆ ತಯಾರಕರ ಅನುಮತಿ ಇರಬೇಕು, ಆ ಪ್ರೊಸೆಸರನ್ನು ಗುರುತಿಸುವ ಬಯಾಸ್ (ಕಂಪ್ಯೂಟರನ್ನು ಎಬ್ಬಿಸುವ ತಂತ್ರಾಂಶ) ಬೋರ್ಡಿನಲ್ಲಿರಬೇಕು. ನಾನು ನೋಡಿದ್ದು ಮೊದಲನೆಯದನ್ನು ಮಾತ್ರ. ಉಳಿದ ಮೂರಕ್ಕೂ ಉತ್ತರ ನನ್ನ ಬೋರ್ಡಿನ ತಯಾರಕರ ಜಾಲತಾಣದಲ್ಲಿ, ‘ಸಿಪಿಯು ಸಪೋರ್ಟ್’ ಎಂಬ ಪುಟದಲ್ಲಿ ಇತ್ತು. ಅದನ್ನು ತೆರೆದು ನೋಡಲು ಐದು ನಿಮಿಷವೂ ಬೇಕಾಗಿರಲಿಲ್ಲ. ಅಷ್ಟೇಕೆ, 300 ಸರಣಿಯ ಚಿಪ್‌ಸೆಟ್ ಇರುವ ಮದರ್‌ಬೋರ್ಡುಗಳಿಗೆ ಮಾತ್ರ ಎಂಬ ಸಾಲು ಪ್ರೊಸೆಸರ್‌ನ ಪೆಟ್ಟಿಗೆಯ ಮೇಲೆಯೇ ಮುದ್ರಿತವಾಗಿತ್ತು.

ಸೀಲ್ ಒಡೆದ ಪ್ರೊಸೆಸರನ್ನು ಅಂಗಡಿಯವರು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಹೊಸ ಬೋರ್ಡ್ ಕೊಳ್ಳೋಣವೆಂದರೆ ಆಗ ಮಾರುಕಟ್ಟೆಯಲ್ಲಿದ್ದದ್ದು ಓವರ್‌ಕ್ಲಾಕ್ ಮಾಡುವವರಿಗಾಗಿ, ಅಂದರೆ ಪ್ರೊಸೆಸರನ್ನು ನಿಗದಿತ ವೇಗಕ್ಕಿಂತ ಹೆಚ್ಚು ಓಡಿಸುವವರಿಗಾಗಿ ತಯಾರಾದ ಝಡ್370 ಬೋರ್ಡುಗಳು ಮಾತ್ರ, ಮತ್ತು ಅವುಗಳ ಬೆಲೆ ನನ್ನ ಪ್ರೊಸೆಸರ್‌ಗಿಂತ ಹೆಚ್ಚಾಗಿತ್ತು. ಅಗ್ಗದ ಎಚ್310 ಬೋರ್ಡುಗಳು ಬಂದದ್ದು 2018ರ ಏಪ್ರಿಲ್‌ನಲ್ಲಿ. ಅಲ್ಲಿಯವರೆಗೆ ನಾಲ್ಕು ಕೋರ್‌ಗಳ ಪ್ರೊಸೆಸರ್ ಅಲಮಾರಿನಲ್ಲಿ, ಎರಡು ಕೋರ್‌ಗಳ ಪ್ರೊಸೆಸರ್ ಮೇಜಿನ ಮೇಲೆ. ಅದೇ ಹೊತ್ತಿಗೆ ಕ್ರಿಪ್ಟೋ ಮೈನಿಂಗ್ ಮಾಡುವವರು ಗ್ರಾಫಿಕ್ಸ್ ಕಾರ್ಡುಗಳನ್ನು ಬಾಚಿಕೊಳ್ಳುತ್ತಿದ್ದುದರಿಂದ, ಮುಂದೆ ಅಗ್ಗವಾದಾಗ ಕೊಳ್ಳುತ್ತೇನೆಂದು ಬಿಟ್ಟಿದ್ದ ಕಾರ್ಡಿನ ಬೆಲೆಯೂ ಗಗನಕ್ಕೇರಿತ್ತು. 650 ವ್ಯಾಟ್‌ನ ಎಸ್‌ಎಂಪಿಎಸ್ ತನ್ನ ಸಾಮರ್ಥ್ಯದ ಕಾಲು ಭಾಗವನ್ನೂ ಬಳಸದೆ ಕುಳಿತಿತ್ತು.

ಹಳೆಯ ಬೋರ್ಡಿಗೇ ಹೊಂದುವ ಐ7-7700 ಅನ್ನು ಸೆಕೆಂಡ್ ಹ್ಯಾಂಡ್ ಕೊಳ್ಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಾನೂ ವಿಚಾರಿಸಿದ್ದೆ. ಒಂದು ಸಾಕೆಟ್ಟಿನ ಕಾಲ ಮುಗಿದಾಗ ಅದರಲ್ಲಿ ಹಾಕಬಹುದಾದ ಅತ್ಯುತ್ತಮ ಪ್ರೊಸೆಸರ್ ಅಗ್ಗವಾಗುವುದಿಲ್ಲ, ಏಕೆಂದರೆ ನನ್ನಂತೆ ಆ ಬೋರ್ಡನ್ನು ಕಟ್ಟಿಕೊಂಡು ಕುಳಿತವರೆಲ್ಲರೂ ಅದನ್ನೇ ಹುಡುಕುತ್ತಿರುತ್ತಾರೆ. ಕೊಂಡಿದ್ದರೂ ಹೆಚ್ಚು ಕಾಲ ಬಾಳುತ್ತಿರಲಿಲ್ಲ: ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಏಳನೇ ತಲೆಮಾರಿನ ಸಾಮಾನ್ಯ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಿಗೆ ಜಾಗವಿಲ್ಲ, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಐ3-8100 ಮಾತ್ರ ಆ ಪಟ್ಟಿಯೊಳಗಿದೆ. ನಾನು ಹಾಗೆಂದು ಆರಿಸಿದ್ದಲ್ಲ, ಅದೃಷ್ಟಕ್ಕೆ ಹಾಗಾಯಿತು.

ಕೊನೆಗೆ ಎಚ್310 ಬೋರ್ಡ್ ಕೊಂಡು, ಬಿ250 ಮತ್ತು ಪೆಂಟಿಯಂ ಎರಡನ್ನೂ ಒಟ್ಟಿಗೆ ಸಿಕ್ಕ ಬೆಲೆಗೆ ಮಾರಿದೆ. ನನ್ನ ‘ಅಪ್‌ಗ್ರೇಡ್’ ಎಂದರೆ ಮದರ್‌ಬೋರ್ಡ್ ಮತ್ತು ಪ್ರೊಸೆಸರ್ ಎರಡನ್ನೂ ಹೊಸದಾಗಿ ಕೊಳ್ಳುವುದು ಎಂದಾಯಿತು. ಮುಂದಕ್ಕೆ ಬಂದದ್ದು ಕ್ಯಾಬಿನೆಟ್, ಎಸ್‌ಎಂಪಿಎಸ್, ಮಾನಿಟರ್ ಮತ್ತು ಡಿಡಿಆರ್4 ರ‍್ಯಾಮ್. ಭವಿಷ್ಯಕ್ಕಾಗಿಯೇ ಹೆಚ್ಚು ಹಣ ಕೊಟ್ಟು ಕೊಂಡಿದ್ದ ಬೋರ್ಡಿಗೆ ಮಾತ್ರ ಭವಿಷ್ಯ ಇರಲಿಲ್ಲ.

ಇದಕ್ಕೆ ವಿರುದ್ಧವಾದ ಉದಾಹರಣೆ ನನ್ನ ಸಹಪಾಠಿಯದೇ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಅವನು ಅದೇ ವರ್ಷ ಎಎಂಡಿಯ ರೈಜನ್ 3 1200 ಪ್ರೊಸೆಸರ್ ಮತ್ತು ಎಎಂ4 ಸಾಕೆಟ್ಟಿನ ಬಿ350 ಬೋರ್ಡ್ ಕೊಂಡಿದ್ದ. 2022ರಲ್ಲಿ ಎಎಂಡಿಯ ಹಳೆಯ 300 ಸರಣಿಯ (ಇಂಟೆಲ್‌ನ 300 ಸರಣಿ ಬೇರೆ) ಬೋರ್ಡುಗಳಿಗೂ ರೈಜನ್ 5000 ಸರಣಿಯ ಪ್ರೊಸೆಸರ್‌ಗಳ ಅಧಿಕೃತ ಬೆಂಬಲ ದೊರೆತಾಗ, ಬಯಾಸ್ ಹೊಸದು ಮಾಡಿಸಿ ರೈಜನ್ 5 5600 ಹಾಕಿಕೊಂಡ. ನಿಮಗೆ ಎಎಂ5 ಸಲಹೆ ಕೊಟ್ಟವರ ಮನಸ್ಸಿನಲ್ಲಿರುವುದು ಇಂಥ ಕಥೆಯೇ. ಆದರೆ ಎಎಂ4 ಸಾಕೆಟ್ಟಿಗೆ ಎಎಂಡಿ ಮೊದಲು ಕೊಟ್ಟಿದ್ದ ಮಾತು 2020ರವರೆಗೆ ಮಾತ್ರ. 2020ರ ಮೇ ತಿಂಗಳಿನಲ್ಲಂತೂ 400 ಸರಣಿಯ ಬೋರ್ಡುಗಳಿಗೂ ರೈಜನ್ 5000 ಇಲ್ಲ ಎಂದು ಹೇಳಿ, ಬಳಕೆದಾರರು ಗಲಾಟೆ ಮಾಡಿದ ಮೇಲೆ ನಿಲುವು ಬದಲಿಸಿದ್ದರು. ನನ್ನ ಸಹಪಾಠಿ ಆ ಬೋರ್ಡ್ ಕೊಂಡದ್ದು ಅಂಗಡಿಯಲ್ಲಿ ಅಂದು ಅದೇ ಇತ್ತು ಎಂಬ ಕಾರಣಕ್ಕೆ. ಅದಕ್ಕಿಂತ ಮುಖ್ಯವಾಗಿ, ಓದು ಮುಗಿದು ಕೆಲಸಕ್ಕೆ ಸೇರುವವರೆಗೂ ಅವನು ನಾಲ್ಕು ಥ್ರೆಡ್‌ಗಳ ಪ್ರೊಸೆಸರ್‌ನಲ್ಲಿಯೇ ದಿನ ದೂಡಿದ.

ಆದ್ದರಿಂದ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. 45 ಸಾವಿರದಲ್ಲಿ ಕೊಳ್ಳುವವರಿಗೆ ಸಾಕೆಟ್ಟಿನ ಆಯುಷ್ಯ ಆಯ್ಕೆಯ ಮಾನದಂಡ ಆಗಬಾರದು. ‘ಕಾಲ ಮುಗಿದ ಪ್ಲಾಟ್‌ಫಾರ್ಮ್’ ಎಂದು ಯೂಟ್ಯೂಬ್‌ನಲ್ಲಿ ಹೀಯಾಳಿಸುವ ಎಎಂಡಿಯ ಎಎಂ4 ಮತ್ತು ಇಂಟೆಲ್‌ನ ಎಲ್‌ಜಿಎ 1700 ಎರಡನ್ನೂ ನಾನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. ಅವುಗಳ ಬಯಾಸ್ ಪಳಗಿದೆ, ಬೋರ್ಡುಗಳು ಅಗ್ಗವಾಗಿವೆ, ಯಾವ ಪ್ರೊಸೆಸರ್ ಯಾವುದರಲ್ಲಿ ನಡೆಯುತ್ತದೆ ಎಂಬ ಪಟ್ಟಿ ಬಹುಮಟ್ಟಿಗೆ ಪೂರ್ಣಗೊಂಡಿದೆ. ಎಎಂ5 ಸಾಕೆಟ್ಟಿಗೆ 2027ರ ಆಚೆಗೂ ಬೆಂಬಲವಿರುತ್ತದೆಂದು ಎಎಂಡಿ ಹೇಳಿರುವುದು ನಿಜ. ಆದರೆ ಅದರಲ್ಲಿ ಹೊಸ ಬಗೆಯ ಡಿಡಿಆರ್5 ರ‍್ಯಾಮ್ ಮಾತ್ರ ನಡೆಯುತ್ತದೆ, ಮತ್ತು 2025ರ ಕೊನೆಯಿಂದ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದಾಗಿ ರ‍್ಯಾಮ್ ಬೆಲೆ ವಿಪರೀತ ಏರಿದೆ. ಡಿಡಿಆರ್4 ಕೂಡ ಏರಿದೆ, ಆದರೆ ಮನೆಯಲ್ಲಿಯೋ ಸ್ನೇಹಿತರಲ್ಲಿಯೋ ಒಂದು ಹಳೆಯ ಡಿಡಿಆರ್4 ರ‍್ಯಾಮ್ ಸಿಗುವ ಸಾಧ್ಯತೆ ಇದ್ದೇ ಇರುತ್ತದೆ. ಇನ್ನೊಂದು ಮಾತು: ಮುಂದೆ ಗ್ರಾಫಿಕ್ಸ್ ಕಾರ್ಡ್ ಹಾಕುತ್ತೇನೆಂದು ಬರೆದಿದ್ದೀರಿ, ಆದರೆ 8500ಜಿ ಕಾರ್ಡಿಗೆ ಕೊಡುವುದು ನಾಲ್ಕೇ ಪಿಸಿಐಇ ಲೇನ್‌ಗಳನ್ನು (ಕಾರ್ಡ್ ಮತ್ತು ಪ್ರೊಸೆಸರ್ ನಡುವೆ ದತ್ತಾಂಶ ಹರಿಯುವ ದಾರಿಗಳನ್ನು). ಅಂದರೆ ನಿಮ್ಮ ಒಂದು ಅಪ್‌ಗ್ರೇಡ್ ಇನ್ನೊಂದನ್ನು ಬೇಡುತ್ತದೆ.

ನೀವು ಬರೆದಿರುವಂತೆ ಪ್ರೋಗ್ರಾಮಿಂಗ್ ಕಲಿಕೆ ಮತ್ತು ಆಗೊಮ್ಮೆ ಈಗೊಮ್ಮೆ ವಿಡಿಯೋ ಎಡಿಟಿಂಗ್ ಎಂದಾದರೆ ರೈಜನ್ 5 5600ಜಿ ಅಥವಾ 5600ಜಿಟಿ ಕೊಳ್ಳಿ. ಆರು ಕೋರ್, ಹನ್ನೆರಡು ಥ್ರೆಡ್, ಒಳಗೇ ಗ್ರಾಫಿಕ್ಸ್. ಅದಕ್ಕೆ ಬಿ450 ಅಥವಾ ಎ520 ಬೋರ್ಡ್ ಸಾಕು. ಇಂಟೆಲ್ ಬೇಕೆಂದರೆ ಐ3-12100 ಮತ್ತು ಡಿಡಿಆರ್4 ನಡೆಯುವ ಎಲ್‌ಜಿಎ 1700 ಬೋರ್ಡ್, ಆದರೆ ಹೆಸರಿನ ಕೊನೆಯಲ್ಲಿ ‘ಎಫ್’ ಇರುವ ಪ್ರೊಸೆಸರ್ ಬೇಡ. ಅದರಲ್ಲಿ ಗ್ರಾಫಿಕ್ಸ್ ಇರುವುದಿಲ್ಲ, ಪ್ರತ್ಯೇಕ ಕಾರ್ಡ್ ಇಲ್ಲದೆ ಪರದೆ ಬೆಳಗುವುದಿಲ್ಲ. ರ‍್ಯಾಮ್ ಎರಡು ಬಿಡಿ ತುಂಡುಗಳಾಗಿರಲಿ: ಒಳಗಿನ ಗ್ರಾಫಿಕ್ಸ್ ಬಳಸುವುದು ಇದೇ ರ‍್ಯಾಮನ್ನು, ಒಂದೇ ತುಂಡು ಇದ್ದರೆ ದತ್ತಾಂಶ ಹರಿಯುವ ದಾರಿ ಅರ್ಧಕ್ಕೆ ಇಳಿಯುತ್ತದೆ. ಬೋರ್ಡಿನಲ್ಲಿ ಉಳಿದ ಹಣವನ್ನು 500 ಜಿಬಿಯ ಎನ್‌ವಿಎಂಇ (ಬೋರ್ಡಿಗೆ ನೇರವಾಗಿ ಕೂರುವ ವೇಗದ ಬಗೆಯ) ಎಸ್‌ಎಸ್‌ಡಿಗೆ ಹಾಕಿ. ಹಳೆಯ ಹಾರ್ಡ್ ಡಿಸ್ಕ್‌ನಲ್ಲಿ ಫೋಟೋ, ವಿಡಿಯೋಗಳಿರಲಿ, ವಿಂಡೋಸ್ ಬೇಡ.

ಎಸ್‌ಎಂಪಿಎಸ್ ವಿಷಯದಲ್ಲಿ ಕ್ಯಾಬಿನೆಟ್ ಜೊತೆಗೆ ಉಚಿತವಾಗಿ ಬರುವುದನ್ನು ನಂಬಬೇಡಿ, ನನ್ನಂತೆ 650 ವ್ಯಾಟ್‌ಗೂ ಹೋಗಬೇಡಿ. ‘80 ಪ್ಲಸ್ ಬ್ರಾಂಜ್’ ಎಂಬ ವಿದ್ಯುತ್ ದಕ್ಷತೆಯ ಪ್ರಮಾಣಪತ್ರವಿರುವ 450 ಅಥವಾ 550 ವ್ಯಾಟ್‌ನದು ಈ ಯಂತ್ರಕ್ಕೂ, ಮುಂದೆ ಸಾಧಾರಣ ಕಾರ್ಡ್ ಬಂದರೆ ಅದಕ್ಕೂ ಸಾಕು.

ಹಣ ಕೊಡುವ ಮುನ್ನ ಬೋರ್ಡಿನ ‘ಸಿಪಿಯು ಸಪೋರ್ಟ್’ ಪುಟವನ್ನು ಮೊಬೈಲಿನಲ್ಲಿ ತೆರೆದು, ನಿಮ್ಮ ಪ್ರೊಸೆಸರ್‌ನ ಎದುರು ಯಾವ ಬಯಾಸ್ ಆವೃತ್ತಿ ಬರೆದಿದೆ ಎಂದು ನೋಡಿ. ಅಂಗಡಿಯಲ್ಲಿ ಬಹಳ ದಿನ ಉಳಿದ ಬಿ450 ಬೋರ್ಡಿನಲ್ಲಿ ಹಳೆಯ ಬಯಾಸ್ ಇರಬಹುದು, ಅದನ್ನು ಅಲ್ಲಿಯೇ ಹೊಸದು ಮಾಡಿಸಿಕೊಳ್ಳಿ. ಮನೆಗೆ ತಂದ ಮೇಲೆ ಆ ಕೆಲಸಕ್ಕೆ ಹಳೆಯ ಪ್ರೊಸೆಸರ್ ಒಂದನ್ನು ಹುಡುಕಬೇಕಾದೀತು. ಜೋಡಿಸಿದ ಮೇಲೆ ಅಲ್ಲಿಯೇ ಆನ್ ಮಾಡಿಸಿ, ಬಯಾಸ್ ಪರದೆಯಲ್ಲಿ ರ‍್ಯಾಮ್ ಡ್ಯುಯಲ್ ಚಾನೆಲ್ (ಎರಡೂ ತುಂಡುಗಳು ಒಟ್ಟಿಗೆ ಕೆಲಸ ಮಾಡುವ ಬಗೆ) ಎಂದೂ ಅದರ ವೇಗ 3200 ಎಂದೂ ತೋರಿಸುತ್ತಿದೆಯೇ ನೋಡಿ, 2400 ಅಥವಾ 2666 ಎಂದಿದ್ದರೆ ಎಕ್ಸ್‌ಎಂಪಿ (ರ‍್ಯಾಮನ್ನು ಅದರ ಪೂರ್ತಿ ವೇಗದಲ್ಲಿ ಓಡಿಸುವ ಬಯಾಸ್ ಆಯ್ಕೆ) ಆನ್ ಮಾಡಲು ಹೇಳಿ. ಜಿಎಸ್‌ಟಿ ಬಿಲ್‌ನಲ್ಲಿ ಪ್ರತಿಯೊಂದು ಬಿಡಿಭಾಗದ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ಮಾನಿಟರ್ ಈ 45 ಸಾವಿರದೊಳಗೇ ಬರಬೇಕೋ ಬೇರೆಯೋ ಎಂದು ನೀವು ಬರೆದಿಲ್ಲ. ಒಳಗೇ ಬರಬೇಕೆಂದಾದರೆ 5600ಜಿ ಮತ್ತು ಅದರ ಬೋರ್ಡ್ ಬಿಟ್ಟು ಐ3-12100 ಮತ್ತು ಅದಕ್ಕೆ ಹೊಂದುವ ಎಲ್‌ಜಿಎ 1700 ಬೋರ್ಡಿಗೆ ಹೋಗಿ, ಉಳಿದ ಪಟ್ಟಿಯನ್ನು ಹಾಗೆಯೇ ಇಟ್ಟುಕೊಳ್ಳಿ.